ಜಸೀಲಾಳ ಕೋವಿಗೊಂದು ಮರ

"ಹಲೋ... ಹಾಂ, ಹಲೋ... ಯಾರು ಮಾತಾಡುವುದು? ಹಲೀಮತ್ ಅಲ್ವಾ? ... ಯಾರು? ... ಜಸೀಲಾನಾ! ನಿನ್ನ ಸ್ವರ ಎಂತ ಮಾರಾಯ್ತಿ, ಥೇಟು ಉಮ್ಮನ ಹಾಗೇ ಕೇಳ್ತದೆ. ಫೋನು ತೆಗೀಲಿಕ್ಕೆ ಇಷ್ಟು ಹೊತ್ತಾ ಅಂತ ಬೈಯುವವನಿದ್ದೆ."

ಮೊಹಿದ್ದೀನ್ ನಕ್ಕ. ಸ್ವಂತ ಮಗಳ ಸ್ವರ ಗುರುತು ಸಿಗದಿದ್ದುದು ಅವನಿಗೆ ಒಳಗೊಳಗೇ ಚುಚ್ಚಿತು. ವಾರಕ್ಕೊಮ್ಮೆ ಮಾಡುವ ಫೋನಿನಲ್ಲಿ ಹೆಂಡತಿಯದೇ ಮಾತು. ಮಗಳ ಪಾಲಿಗೆ ಉಳಿಯುತ್ತಿದ್ದುದು ಕೊನೆಯ ಒಂದು ಸಲಾಂ, ಒಂದು 'ಹೂಂ'. ಶುಕ್ರವಾರದ ನಮಾಝು ಮುಗಿಸಿ ಉಂಡು, ಕೋಣೆಯವರೆಲ್ಲ ಸೌದಿಯ ಆ ಊರು ಉನೈಜಾದ ಪೇಟೆಗೆ ಹೋಗಿದ್ದರು. ಹಳೆಯ ಎಸಿಯೊಂದು ಗೊರಗೊರ ಎನ್ನುತ್ತ ಅವನ ಜೊತೆಗಿತ್ತು.

"ಉಮ್ಮ ಎಲ್ಲಿ? ... ಮದರಂಗಿಗಾ? ... ಹೋಗ್ಲಿ, ಒಳ್ಳೇದೇ ಆಯ್ತು. ಅವಳಿದ್ದರೆ ಕೋವಿಯ ಮಾತೆತ್ತಲಿಕ್ಕೆ ಬಿಡುದಿಲ್ಲ. ಹೆಣ್ಣು ಹುಡುಗಿಗೆ ಕೋವಿ ಯಾಕೆ, ಹಂದಿ ಹೊಡೀಲಿಕ್ಕುಂಟಾ ಅಂತಾಳೆ. ಗಾಳಿ ಕೋವಿ ಮಾರಾಯ್ತಿ, ಕಾಗದಕ್ಕೆ ತೂತು ಮಾಡುವುದು ಅಂದರೆ, ತೂತಿಗೆ ದಬ್ಬಣ ಸಾಲದಾ ಅಂತಾಳೆ! ... ನಗಬೇಡ. ಫೋನಿನ ಕಾರ್ಡಿನಲ್ಲಿ ದುಡ್ಡು ಕಮ್ಮಿ ಉಂಟು, ಲೆಕ್ಕ ಹೇಳು. ಕೋಚು ಏನೇನು ಬೇಕು ಅಂದರು?"

ಜಸೀಲಾ ಗುರಿ ಕಲಿಯುತ್ತಿದ್ದ ಮಂಗಳೂರಿನ ಶೂಟಿಂಗ್ ಕ್ಲಬ್ಬಿನಲ್ಲಿ ಇದ್ದ ಒಂದೇ ಒಳ್ಳೆಯ ಕೋವಿಗೆ ಆರು ಹುಡುಗಿಯರು ಸರದಿ ನಿಲ್ಲುತ್ತಿದ್ದರು. ರಾಜ್ಯದ ಸ್ಪರ್ಧೆಗೆ ಹೋಗುವುದಾದರೆ ಸ್ವಂತದ್ದು ಬೇಕು ಎಂದಿದ್ದರು ಕೋಚು. ಹೊಸದರ ಕ್ರಯ ಕೇಳಿ ಮೊಹಿದ್ದೀನ್ ಕಿವಿ ಮುಚ್ಚಿಕೊಂಡಿದ್ದ. ಕೊನೆಗೆ ಕೋಚೇ ದಾರಿ ತೋರಿಸಿದರು: ಭುಜಕ್ಕೊತ್ತಿ ಹಿಡಿಯುವ ಹಿಂಬದಿಯ ಮರ ಸೀಳಿಹೋದ ಹಳೆಯ ಕೋವಿಯೊಂದಿದೆ, ಒಳಗಿನ ಭಾಗ ಕೊಂಡು, ಮಿಕ್ಕದ್ದನ್ನು ಒಂದೊಂದಾಗಿ ಜೋಡಿಸಿದರೆ ಆದೀತು. ಅದಕ್ಕೆಂದು ಅವನು ತೆಗೆದಿಟ್ಟದ್ದು ಒಂದು ಲಕ್ಷ ರೂಪಾಯಿ. ಬೇರೆ ಇದ್ದದ್ದು ಈ ಸಲ ರಜೆಗೆ ಊರಿಗೆ ಹೋಗುವ ಟಿಕೆಟಿನ ಹಣ ಮಾತ್ರ.

"ನಳಿಗೆ, ಸಿಲಿಂಡರು, ಟ್ರಿಗರು, ಮೂರೂ ಸೇರಿ ಅರವತ್ತು. ಸರಿ. ... ಗುರಿ ನೋಡುವ ಕಿಂಡಿ? ... ಐದು ಸಾವಿರದ್ದಾ? ಬೇಡ. ... ಬೇಡ ಅಂದೆ! ನೀನು ಅಲ್ಲಿ ಉಳಿಸ್ಲಿಕ್ಕೆ ಹೋಗಬೇಡ. ಅಗ್ಗದ್ದು ಹಾಕಿ ಗುರಿ ತಪ್ಪಿದರೆ ಯಾರಿಗೆ ಬೈಯುವುದು? ಹದಿನೈದರದ್ದೇ ತೆಕ್ಕೋ. ... ಶೂಟಿಂಗ್ ಜಾಕೆಟ್ಟಾ? ... ಇಪ್ಪತ್ತು! ಅಲ್ಲ, ಮದುಮಗಳ ಸೀರೆಗೂ ಅಷ್ಟಿಲ್ಲ. ... ಆಯ್ತು, ಆಯ್ತು. ಚರೆಗುಂಡಿಗೆ ಐದು. ಲಕ್ಷ ಆಯ್ತು. ಮುಗೀತು."

ಅವನು ಗೋಡೆಗೊರಗಿದ. ಕೂಡಲೇ ನೆಟ್ಟಗಾದ.

"ಎಂತ ಮುಗೀಲಿಲ್ಲ? ... ಮರವಾ? ... ಮೂವತ್ತಾ? ಮರಕ್ಕೆ? ಹೊಡೆದು ಹಾಕು ಅದನ್ನು. ... ನಾನು ಹೇಳ್ತೇನಲ್ಲ, ಲೆಕ್ಕದಿಂದ ಹೊಡೆದು ಹಾಕು! ಬಡಗಿಯ ಮಗಳು ಮರಕ್ಕೆ ದುಡ್ಡು ಕೊಡುವುದಾ? ಮರ ನಾನು ಮಾಡಿ ಆಗಿದೆ."

ಮಂಚದಡಿಗೆ ಕೈಹಾಕಿ, ಲುಂಗಿಯಲ್ಲಿ ಸುತ್ತಿಟ್ಟದ್ದನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡ. ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಮನೆಯ ಬಾಗಿಲುಗಳಿಗೆ ತರಿಸಿದ್ದ ಬೀಚ್ ಜಾತಿಯ ಮರದಲ್ಲಿ ಉಳಿದ ತುಂಡು. ಕೇಳಿಯೇ ತೆಗೆದುಕೊಂಡಿದ್ದ. ಶುಕ್ರವಾರಗಳಂದು ಖಾಲಿ ಬಿದ್ದ ಮರಗೆಲಸದ ಅಂಗಡಿಯಲ್ಲಿ ಒಬ್ಬನೇ ಕೂತು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿದ್ದ. ಕೈಯಾಡಿಸಿದರೆ ಬೆಣ್ಣೆ.

"ಹೌದು, ಕೋಚು ಆ ಹಳೇ ಮರದ ಪಟ ಕಳಿಸಿದ್ದರು. ನಿನಗೆ ಹೇಳಬೇಡಿ ಅಂತ ನಾನೇ ಹೇಳಿದ್ದು. ... ಹಾಂ, ಚಂದ ಉಂಟು. ರೂಮಿನ ಸಾದುಲ್ಲಾ ನೋಡಿ, ಇದು ದೋಣಿಯ ಹುಟ್ಟಾ ಅಂತ ಕೇಳಿದ. ಈ ಮರಳಿನಲ್ಲಿ ದೋಣಿ ಯಾರ ಅಜ್ಜನಿಗೆ! ... ಸೋಮವಾರ ಹಂಝ ಊರಿಗೆ ಹೊರಡ್ತಾನೆ, ಅವನ ಕೈಲಿ ಕಳಿಸ್ತೇನೆ. ... ಏರ್‌ಪೋರ್ಟಿನಲ್ಲಿ ಎಂತದ್ದೂ ಆಗುದಿಲ್ಲ, ಬರೀ ಮರ, ಕಬ್ಬಿಣ ಇಲ್ಲವಲ್ಲ. ... ಅಳತೆಯಾ? ನಿನ್ನ ಅಳತೆ ನನ್ನ ಪರ್ಸಿನಲ್ಲೇ ಉಂಟು!"

ಇದ್ದದ್ದು ನಿಜ. ರಜೆ ಮುಗಿಸಿ ಬರುವ ಗಲ್ಫಿನವರೆಲ್ಲ ಮಕ್ಕಳ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಸೊಂಟಕ್ಕೆ ನೂಲು ಸುತ್ತಿ ಗಂಟು ಹಾಕಿ ತರುತ್ತಾರೆ. ಮುಂದಿನ ಚಪ್ಪಲಿ, ಅಂಗಿ ಅದರ ಮೇಲೆ. ಮೊಹಿದ್ದೀನನೂ ಹೋದ ರಜೆಯಲ್ಲಿ, ಮಗಳು ಕ್ಲಬ್ಬಿಗೆ ಸೇರಿದ ದಿನ, ಕೋವಿಯ ಮರ ಎಷ್ಟುದ್ದ ಬೇಕೆಂದು ತಿಳಿಯಲು ಕೋಚು ತೋರಿಸಿದಂತೆ ಅವಳ ಮಡಚಿದ ಮೊಣಕೈಯಿಂದ ತೋರುಬೆರಳಿಗೆ ಕೆಂಪು ನೂಲು ಹಿಡಿದು ಎರಡು ಗಂಟು ಹಾಕಿದ್ದ.

"ಎಂತ ಹೇಳಿದೆ? ... ಹಲೋ? ... ನಾನು ಬಂದು ಹೋಗಿ ನಾಲ್ಕು ವರ್ಷವಾ? ಎಲ್ಲಿಯ ನಾಲ್ಕು, ನಾನು ಮೊನ್ನೆ... ಹೌದು. ಮನೆಗೆ ತಾರಸಿ ಹಾಕಿದ ವರ್ಷ ಬರಲಿಲ್ಲ, ಅಲ್ವಾ. ... ಟೇಪು ತಾ. ಕೈ ಮಡಚು. ಮೊಣಕೈ ಸಂದಿನಿಂದ ಬೆರಳಿಗೆ ಎಷ್ಟು? ... ಹದಿಮೂರಾ? ಟೇಪು ಉಲ್ಟಾ ಹಿಡಿದಿದ್ದೀಯಾ? ... ಕತ್ತೆ, ಸರಿ ನೋಡಿ ಹೇಳು!"

ಹೇಳುತ್ತಲೇ ನೂಲನ್ನು ಸ್ಕೇಲಿನ ಮೇಲೆ ಎಳೆದು ಹಿಡಿದ. ಹತ್ತೂವರೆ ಇಂಚು. ಎಷ್ಟೋ ಬಾಗಿಲು ಕೂರಿಸಿದವನಿಗೆ ಕೂದಲೆಳೆಯಷ್ಟೂ ತಪ್ಪಿದ ನೆನಪಿರಲಿಲ್ಲ. ಇಲ್ಲಿ ಮೂರು ಬೆರಳು ತಪ್ಪಿತ್ತು. ಮರ ತಪ್ಪಿರಲಿಲ್ಲ, ನೂಲೂ ತಪ್ಪಿರಲಿಲ್ಲ. ಅವನು ಕೆತ್ತುತ್ತಿದ್ದಷ್ಟು ಕಾಲವೂ ಅಲ್ಲಿ ಮಗಳು ಬೆಳೆಯುತ್ತಲೇ ಇದ್ದಳು.

"ಅಳ್ತಿದ್ದೀಯಾ? ... ಬೈದದ್ದು ನಿನಗಲ್ಲ ಮಗಳೇ. ... ಬೇಡ, ಅಂಗಡಿಯ ಮರ ಬೇಡ. ಆ ಮೂವತ್ತು ಎಲ್ಲಿಂದ ತೆಗೆಯುವುದು? ನನ್ನ ಟಿಕೆಟಿನಿಂದಲೇ. ಮತ್ತೆ ಇನ್ನೆರಡು ವರ್ಷ ಇಲ್ಲೇ. ... ಹಾಂ. ಅದೇ. ನನಗೂ ಬೇಡ. ... ಕೇಳು, ಹಿಂದಿನ ತುದಿಗೆ ತುಂಡು ಸೇರಿಸ್ತೇನೆ. ಗಟ್ಟಿ ಇರ್ತದೆ, ನನ್ನ ಕೆಲಸ ಅದು. ಆದರೆ ಕೆನ್ನೆ ಒರಗುವ ಜಾಗ ಉಂಟಲ್ಲ, ಅದನ್ನು ಎತ್ತರಿಸಬೇಕಾದೀತು. ನಿನ್ನ ಭುಜದಿಂದ ಕೆನ್ನೆಗೆ ಎಷ್ಟು ಅಂತ ನನಗೀಗ..."

'ಗೊತ್ತಿಲ್ಲ' ಎಂಬ ಮಾತನ್ನು ಅಲ್ಲಿಗೇ ಬಿಟ್ಟು, ಟೇಪು ಕೈಗೆತ್ತಿಕೊಂಡ.

"ಒಂದು ಕೆಲಸ ಮಾಡು. ಮುಂಬಾಗಿಲ ಹತ್ತಿರ ಹೋಗು. ಮೇಲಿನ ಚಿಲಕ ಉಂಟಲ್ಲ, ತುದಿಗಾಲಲ್ಲಿ ನಿಂತು ತೆಗೀತಿದ್ದೆಯಲ್ಲ, ಅದೇ. ನಾನೇ ಜಡಿದದ್ದು, ಅದರ ಎತ್ತರ ನನಗೆ ಬಾಯಿಪಾಠ. ಬಾಗಿಲಿಗೆ ತಾಗಿ ನಿಂತು, ಭುಜಕ್ಕೊಂದು, ಕೆನ್ನೆಗೊಂದು ಗುರುತು ಹಾಕು. ... ಬಾಗಿಲ ಮೇಲೆಯೇ ಹಾಕು, ಉಮ್ಮ ಬೈದರೆ ನಾನು ಹೇಳಿದ್ದು ಅನ್ನು. ಚಿಲಕದಿಂದ ಎಷ್ಟು ಕೆಳಗೆ ಬಂತು ಹೇಳು. ... ಫೋನು ಅಲ್ಲೇ ಇಡು. ಕಾಯ್ತೇನೆ."

ಮೊಹಿದ್ದೀನ್ ಎದ್ದು, ಕೋಣೆಯ ಗೋಡೆಯ ಮೇಲೆ ಟೇಪು ಹಿಡಿದು, ಊರಿನ ಚಿಲಕದ ಎತ್ತರಕ್ಕೆ ಒಂದು ಗೆರೆ ಎಳೆದ. ಫೋನಿನಲ್ಲಿ ಬರಿಗಾಲಿನ ಸದ್ದು ದೂರ ಹೋಯಿತು. ಬಾಗಿಲು ಕಿರುಗುಟ್ಟಿತು. ತಿರುಗಣೆಗೆ ಎಣ್ಣೆ ಹಾಕಿಲ್ಲ ಇವರು ಎಂದುಕೊಂಡ. ಗೆರೆಯ ಕೆಳಗೆ ಪೆನ್ಸಿಲು ತಾನಾಗಿ ಹಳೆಯ ಜಸೀಲಾಳ ಎತ್ತರಕ್ಕೆ ಇಳಿಯಿತು. ಅಲ್ಲಿಂದ ಮೇಲಕ್ಕೆ ತಂದ. ಸ್ವಲ್ಪ ತಂದ. ಇನ್ನೂ ಎಷ್ಟು ತರಬೇಕೆಂದು ತಿಳಿಯದೆ ನಿಂತ.

"ಹಾಂ... ಬಂದೆಯಾ? ... ನಿಂತು ನೋಡಿದೆಯಾ? ... ತಲೆ ಚಿಲಕಕ್ಕೆ ತಾಗ್ತದಾ! ... ಕೆನ್ನೆ ಎಲ್ಲಿಗೆ ಬಂತು? ಬೇಗ ಹೇಳು, ಕಾರ್ಡು ಮುಗೀತಾ ಬಂತು. ... ಹಲೋ? ... ಜಸೀಲಾ, ಎಲ್ಲಿಗೆ ಬಂತು ಮಗಳೇ? ... ಹಲೋ..."