ಅಮ್ಮನಿಗೊಂದು ಕಲ್ಲು

ನಡೆದದ್ದನ್ನಷ್ಟೇ ಹೇಳುತ್ತೇನೆ. ಹೋದ ಡಿಸೆಂಬರ್. ನಮ್ಮ ಪಕ್ಕದ ಮನೆಯ ರಾಮಪ್ರಸಾದ್ ರೇನರ್ಸ್ ಲೇನ್ ಸ್ಟೇಷನ್ನಿನಲ್ಲಿ ಕೊನೆಯ ಟ್ಯೂಬ್ ರೈಲು ಇಳಿದು, ಚರ್ಚಿನ ಹಿಂದಿನ ಕಾಲುದಾರಿಯಲ್ಲಿ ಬರುತ್ತಿದ್ದ. ಅಲ್ಲೊಂದು ಮುದಿ ಯೂ ಮರ. ಅದರಡಿ ಹೆಸರು ಅಳಿಸಿಹೋದ ಗೋರಿಗಳು.

ತಾಯಿ ತೀರಿಕೊಂಡು ವಾರವಾಗಿತ್ತು. ಅವನಿಗೆ ಅಳು ಬಂದಿರಲಿಲ್ಲ. ಊಟ ಮುಂದಿಟ್ಟರೆ ತಿನ್ನುತ್ತಿದ್ದ, ತೆಗೆದರೆ ಸುಮ್ಮನಿರುತ್ತಿದ್ದ. ಸತ್ತವರು ಹತ್ತು ದಿನ ಬಂದು ಕೂರಲೆಂದು ಕಲ್ಲೊಂದನ್ನಿಟ್ಟು ಎಳ್ಳುನೀರು ಬಿಡುತ್ತಾರಲ್ಲ... ಅದನ್ನು ಬೇಡವೆಂದಿದ್ದ.

ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಗಳ ವೃತ್ತದ ಬಗ್ಗೆ ಹಳೆಯ ವಿದ್ವಾಂಸರು ಏನೇನು ಊಹಿಸಿದ್ದರು ಎಂಬುದೇ ಅವನ ಪಿಎಚ್‌ಡಿ. ರೋಮನ್ನರ ಗುಡಿ ಎಂದ ಒಬ್ಬ. ಕಡಲಾಚೆಯಿಂದ ದಂಡೆತ್ತಿ ಬಂದ ಡೇನರು ರಾಜನನ್ನು ಆರಿಸುತ್ತಿದ್ದ ಜಾಗ ಎಂದ ಇನ್ನೊಬ್ಬ. ಅಲ್ಲ, ಡ್ರೂಯಿಡ್ ಪುರೋಹಿತರದು ಎಂದ ಮತ್ತೊಬ್ಬ.

"ಕಲ್ಲಿನಲ್ಲಿ ಯಾರೂ ಇರೋದಿಲ್ಲ, ಕಾಮಾಕ್ಷಿ. ನೋಡುವವನು ತನಗೆ ಬೇಕಾದವರನ್ನ ಕೂರಿಸ್ತಾನೆ," ಎಂದಿದ್ದ ಹೆಂಡತಿಗೆ.

"ಯಾರದ್ದೋ ಕಲ್ಲಿಗೆ ಅಷ್ಟು ಪುಟ ಬರೆದ್ರಿ. ನಿಮ್ಮಮ್ಮನಿಗೆ ಒಂದು ಕಲ್ಲು ಸಿಗ್ಲಿಲ್ವಾ?"

ಯೂ ಮರ ದಾಟುವಾಗ ಹಿಂದೆ ಸದ್ದು. ಚರಕ್... ಚರಕ್... ಜಲ್ಲಿಯ ಮೇಲೆ ಚಪ್ಪಲಿ ಎಳೆದ ಹಾಗೆ. ನಿಂತ. ಅದೂ ನಿಂತಿತು.

"ಪ್ರಸಾದೂ... ಕಾಲು ನೋಯ್ತಿದೆ ಕಣೋ. ಎಲ್ಲಿ ಕೂತ್ಕೊಳ್ಳಲಿ?"

ತಾಯಿಯ ದನಿ. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಬಗ್ಗಿ, ಗೋರಿಯೊಂದರ ಬುಡದಿಂದ ಅಂಗೈಯಗಲದ ಕಲ್ಲು ತೆಗೆದುಕೊಂಡ. ತಿರುಗಿ ನೋಡದೆ ಮನೆಗೆ ನಡೆದ.

ಸಿಂಕಿನ ಪಕ್ಕ, ತಟ್ಟೆಯಲ್ಲಿ ಕಲ್ಲಿಟ್ಟು ಎಳ್ಳುನೀರು ಬಿಟ್ಟ. ಕಾಮಾಕ್ಷಿ ಪಕ್ಕದಲ್ಲಿ ನಿಂತು ನೋಡಿದಳು. ಗುಟುಕ್... ಗುಟುಕ್... ತಟ್ಟೆ ಒಣಗಿತು. ಮತ್ತೆ ಬಿಟ್ಟ. ಮತ್ತೆ ಒಣಗಿತು.

"ಸಾಕೇನಮ್ಮಾ?" ಪಿಸುಗುಟ್ಟಿದ.

ಕಲ್ಲಿನಿಂದ ಕೆಮ್ಮು. ಗಂಡಸಿನ ಒರಟು ಕೆಮ್ಮು. ಆಮೇಲೆ, ಬಹಳ ಮರ್ಯಾದೆಯಿಂದ... "ಎ ಲಿಟಲ್ ಮೋರ್, ಸರ್."

"ಯಾರ ಕಲ್ಲು ತಂದ್ರೀ ಇದು?" ಕಾಮಾಕ್ಷಿ ಸಿಂಕಿನಿಂದ ಹಿಂದೆ ಸರಿದಳು.

ಆಗ ಮುಂಬಾಗಿಲ ಹೊರಗೆ... ಚರಕ್.

"ಪ್ರಸಾದೂ... ನಾನಿನ್ನೂ ನಿಂತೇ ಇದೀನಿ."

ಬಾಗಿಲು ತೆರೆದ. ಯಾರೂ ಇರಲಿಲ್ಲ. ಬಾಗಿಲನ್ನು ತೆರೆದೇ ಇಟ್ಟುಕೊಂಡು, ಬೆಳಗಾಗುವವರೆಗೆ ಹೊಸ್ತಿಲ ಒಳಗೆ ಕೂತಿದ್ದನಂತೆ. ಆಗಲೂ ಅಳು ಬರಲಿಲ್ಲ ಎಂದಳು ಕಾಮಾಕ್ಷಿ.

ಇಷ್ಟು ಅವಳು ಹೇಳಿದ್ದು. ಇನ್ನುಳಿದದ್ದನ್ನು ನಾನೇ ಕಂಡೆ. ಮುಂಜಾನೆ ಹಾಲಿಗೆಂದು ಹೊರಟಾಗ ಅವರ ಮೆಟ್ಟಿಲ ತುಂಬ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಎರಡು ಪಾದದಷ್ಟು ಜಾಗದಲ್ಲಿ ಮಾತ್ರ ಇರಲಿಲ್ಲ. ಸಣ್ಣ ಪಾದ, ಬೆರಳು ಬಾಗಿಲ ಕಡೆಗೆ. ಬಗ್ಗಿ ಮುಟ್ಟಿದೆ. ಸುಳ್ಳಾಡುವ ಅಭ್ಯಾಸ ನನಗಿಲ್ಲ... ಬೆಚ್ಚಗಿತ್ತು.