ಹೇಳಿ ಕಳಿಸುವವನ ಮನೆಯ ಪಂಕ್ತಿ

ಒಂದು ಊರು. ಅಲ್ಲೊಬ್ಬ ಶ್ರೀಮಂತ, ಅಲ್ಲೇ ಒಬ್ಬ ಅಡುಗೆಯವನು. ಅಡುಗೆಯವನಿಗೆ ಕಾಯಂ ಯಜಮಾನ ಅಂತ ಯಾರೂ ಇಲ್ಲ. ಮದುವೆ ಮನೆಯವರು ತಾಂಬೂಲ ಕೊಟ್ಟು ಗೊತ್ತು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಶ್ರೀಮಂತನ ಮಗಳ ಮದುವೆ ಅಂತ ಕಿವಿಗೆ ಬಿತ್ತು, ಹೋಗಿ ಕೇಳಿದ. ಶ್ರೀಮಂತ ತಾಂಬೂಲ ಕೊಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ನೋಡೋಣಯ್ಯ, ಹೇಳಿ ಕಳಿಸ್ತೀನಿ" ಅಂದ. ಅಷ್ಟಕ್ಕೇ ಇವನು ಉಬ್ಬಿಹೋದ! ಮತ್ತೆ ಹೋದ, ಮತ್ತೆ ಮತ್ತೆ ಹೋದ. ಬಾಗಿಲು ತೆರೆಯಲಿಲ್ಲ. ಒಳಗಿಂದ ಅದೇ ದನಿ, "ಹೇಳಿ ಕಳಿಸ್ತೀನಿ."

ಅದೇ ಮುಹೂರ್ತಕ್ಕೆ ಪಕ್ಕದ ಬೀದಿಯ ಬಡ ತಾಯಿಯೊಬ್ಬಳು ತನ್ನ ಮಗಳ ಮದುವೆಗೆ ತಾಂಬೂಲ ಹಿಡಿದು ಬಂದಳು. "ಬರ್ತೀರೇನಣ್ಣ? ನಂಗೆ ಬೇರೆ ಯಾರೂ ಗೊತ್ತಿಲ್ಲ." ಇವನೇನಂದ ಗೊತ್ತೇ? "ಹೇಳಿ ಕಳಿಸ್ತೀನಿ ತಾಯಿ." ನೋಡಿ, ರೋಗ ಹೇಗೆ ಅಂಟಿತು!

ಮದುವೆಯ ಹಿಂದಿನ ದಿನ, ಮಟಮಟ ಮಧ್ಯಾಹ್ನ, ಸೌಟು ಹೆಗಲಿಗೇರಿಸಿ ಶ್ರೀಮಂತನ ಮನೆಗೆ ನಡೆದ. ಅವತ್ತು ಬಾಗಿಲು ತೆರೆದಿತ್ತು. ಅಂಗಳದಲ್ಲಿ ಚಪ್ಪರ, ಅದರಡಿ ಊಟದ ಪಂಕ್ತಿ. ಎಲೆಗಳಿಗೆ ಏನೂ ಬಡಿಸಿರಲಿಲ್ಲ, ಎಲ್ಲವೂ ಒಣಗಿ ಸುರುಟಿದ್ದವು. ಕೂತವರು ಯಾರು? ಓಲಗದವನು, ಹೂವಿನವಳು, ದೀಪದವನು. ಓಲಗದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಯಾರೂ ಉಸಿರಾಡುತ್ತಿರುವಂತೆ ಕಾಣಲಿಲ್ಲ.

"ಏನ್ರಪ್ಪಾ, ಯಾಕೆ ಹಿಂಗೆ ಕೂತಿದ್ದೀರಿ?"

"ಹೇಳಿ ಕಳಿಸ್ತಾರಂತೆ." ಎಲ್ಲರ ಬಾಯಿಂದಲೂ ಒಂದೇ ದನಿ.

ಕೊನೆಯಲ್ಲೊಂದು ಜಾಗ ಖಾಲಿ ಇತ್ತು. ಅವನ ಕಾಲು ತಾನಾಗಿ ಅತ್ತ ನಡೆಯಿತು, ಮಂಡಿ ತಾನಾಗಿ ಮಡಚಿಕೊಂಡಿತು. ಆಗ ಪಕ್ಕದ ಎಲೆಯ ಮುಂದೆ ಕೂತವಳು ಮುಖ ಎತ್ತಿದಳು. ಅಯ್ಯೋ, ಅದೇ ತಾಯಿ! ಕೈಯಲ್ಲಿ ಕಪ್ಪಾದ ವೀಳ್ಯದೆಲೆ. "ಅಣ್ಣಾ, ಹೇಳಿ ಕಳಿಸ್ತೀನಿ ಅಂದಿದ್ರಲ್ಲ?"

ಎದ್ದೆನೋ ಬಿದ್ದೆನೋ ಅಂತ ಓಡಿದ. ನೇರ ಅವಳ ಮನೆಗೇ ಓಡಿದ. ಅವಳು ಅಲ್ಲೇ ಇದ್ದಳು, ಅಂಗಳದಲ್ಲಿ ಒಬ್ಬಳೇ ಅಳುತ್ತಾ ಒಲೆಗೆ ಕಲ್ಲು ಜೋಡಿಸುತ್ತಿದ್ದಳು. "ತಪ್ಪಾಯ್ತು ತಾಯಿ, ಬಂದೆ" ಅಂದ. ಅವಳು ತಾಂಬೂಲ ಮುಂದೆ ಹಿಡಿದಳು. ಎಲೆ ಕಪ್ಪಾಗಿತ್ತು.

ಈಗ ನಿಮ್ಮ ವಿಷಯಕ್ಕೆ ಬರೋಣ. ಕೆಲಸ ಕೇಳಿ ಹೋಗುವವರೇ, ಒಮ್ಮೆ ಕೇಳಿ, ಇನ್ನೊಮ್ಮೆ ನೆನಪಿಸಿ. ಆಮೇಲೂ ಉತ್ತರ ಬರದಿದ್ದರೆ "ನಾನು ಬೇರೆ ಕಡೆ ಒಪ್ಕೋತೀನಿ" ಅಂತ ನೀವೇ ಹೇಳಿ ಎದ್ದು ಬನ್ನಿ. ಕೆಲಸ ಕೊಡುವವರೇ, ಬೇಡವಾದರೆ ಬೇಡ ಅನ್ನಿ. ಅಷ್ಟು ಅನ್ನುವುದಕ್ಕೆ ನಾಲಿಗೆ ಸವೆಯುತ್ತದೆಯೇ? ಓದಿ ಸುಮ್ಮನೆ ಬಿಟ್ಟ ಒಂದು ಸಂದೇಶ ನಿಮ್ಮ ಮೊಬೈಲಿನಲ್ಲೂ ಇದೆ. ಇದೆಯೋ ಇಲ್ಲವೋ? ಇವತ್ತು ಊಟಕ್ಕೆ ಕೂರುವ ಮುಂಚೆ ಅದಕ್ಕೆ ಉತ್ತರ ಕೊಡಿ. ಕೊಡದೆ ಕೂತರೆ, ಪಕ್ಕದ ಎಲೆಯ ಮುಂದೆ ಯಾರಿದ್ದಾರೆ ಅಂತ ಒಮ್ಮೆ ತಿರುಗಿ ನೋಡಿಕೊಳ್ಳಿ.