ಅತ್ತಿಗೆ ಪರೀಕ್ಷೆಗೆ ಕೂರುತ್ತಾಳೆ

ವೀಸಾ ಕಚೇರಿಯ ಬೆಂಚಿನಲ್ಲಿ ಟೋಕನ್ ಹಿಡಿದು ಕೂತಿದ್ದ ಗಡಿಯಾರ ರಿಪೇರಿಯವನಿಗೆ ಪಕ್ಕದಿಂದ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ಹೊಲಿಗೆ ಅಂಗಡಿಯ ಅತ್ತಿಗೆ, ನಾದಿನಿ. ಪರದೇಶದಲ್ಲಿ ತಮ್ಮ ಮಾತು ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ ಜೋರಾಗಿಯೇ ಮಾತಾಡುತ್ತಿದ್ದರು.

“ಅಂಗಡಿ ನನ್ನ ಹೆಸರಿಗೆ ಮಾಡಿಬಿಡಿ ಅತ್ತಿಗೆ. ಹೊಸ ಕಾನೂನು ಬಂದಿದೆ, ಹೊರದೇಶದ ಮಾಲೀಕರು ಇಲ್ಲಿಯ ಭಾಷೆಯ ಪರೀಕ್ಷೆ ಪಾಸಾಗಲೇಬೇಕಂತೆ. ನನಗಾದ್ರೆ ಓದೋಕೆ ಬರೆಯೋಕೆ ಬರುತ್ತೆ.”

“ಹನ್ನೊಂದು ವರ್ಷ ಅಂಗಡಿ ನಡೆಸಿದ್ದು ಯಾರು?”

“ನೀವೇ. ಯಾರು ಇಲ್ಲ ಅಂದ್ರು?”

“ಹಾಗಾದ್ರೆ ಪರೀಕ್ಷೇನೂ ನಾನೇ ಬರೀತೀನಿ.”

“ಸೊಂಟ ಬಿಗಿ, ತೋಳು ಉದ್ದ, ನಾಳೆ ಬನ್ನಿ. ಇಲ್ಲಿಯ ಭಾಷೇಲಿ ನಿಮಗೆ ಬರೋದು ಅಷ್ಟೇ. ಅಲ್ಲಿ ಪತ್ರ ಬರೆಸ್ತಾರೆ.”

“ಕಲಿಸು. ನಾನು ನಿನಗೆ ಹೊಲಿಗೆ ಕಲಿಸಲಿಲ್ವಾ? ಮೊದಲ ಅಂಗಿಗೆ ನೀನು ತೋಳು ತಿರುಗಾಮುರುಗಾ ಹಚ್ಚಿದ್ದೆ.”

“ಫೇಲಾದ್ರೆ ವೀಸಾ ಹೋಗುತ್ತೆ. ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು.”

“ಗೊತ್ತು ಕಣೇ. ಅದಕ್ಕೇ ಫೇಲಾಗಲ್ಲ.”

ಗಡಿಯಾರದವನು ನಗು ನುಂಗಿಕೊಂಡ. ಅವನೂ ಅದೇ ಪರೀಕ್ಷೆಗೆ ಹೆದರಿ ಕೂತಿದ್ದ.

ಅವರ ನಂಬರು ಕೂಗಿದರು. ನಾದಿನಿ ಎದ್ದಳು.

“ನೀನು ಕೂತ್ಕೋ,” ಎಂದು ಅತ್ತಿಗೆ ಒಬ್ಬಳೇ ಕಿಟಕಿಗೆ ಹೋಗಿ, ಆ ದೇಶದ ಭಾಷೆಯಲ್ಲೇ ಪರೀಕ್ಷೆಯ ಅರ್ಜಿ ಕೇಳಿದಳು. ಗುಮಾಸ್ತನಿಗೆ ಅರ್ಥವಾಗಲಿಲ್ಲ. ತಿರುಗಿ ನೋಡದೆ ಇನ್ನೊಮ್ಮೆ ಕೇಳಿದಳು. ಮೂರನೇ ಸಲಕ್ಕೆ ಅರ್ಜಿ ಕೈಗೆ ಬಂತು.

ಹೊರಡುವಾಗ ಬಾಗಿಲಿಗೆ ಅಂಟಿಸಿದ್ದ ನೋಟಿಸಿನ ಮುಂದೆ ನಿಂತು, ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದಳು.

“ಅತ್ತಿಗೆ, ಹಿಂದೆ ಜನ ಕಾಯ್ತಿದ್ದಾರೆ.”

“ಕಾಯಲಿ. ಇನ್ನೊಂದು ಸಾಲಿದೆ.”

ಆ ಸಾಲನ್ನೂ ಓದಿ ಮುಗಿಸಿಯೇ ಬಾಗಿಲು ತಳ್ಳಿದಳು.